ರಂಗೋಲಿಯಲ್ಲಿ ಬಿಡಿಸದ ಜಾಗ

ಜಲಾನಯನದ ಕಿರು ಅನುದಾನ ಮಂಜೂರು ಮಾಡುವ ಮಾನ್ಯ ಅಧಿಕಾರಿಗಳೇ,

ನಮ್ಮ ಸತ್ತವರ ಎದೆಯ ಮೇಲೆ ನೀವು ಸುಣ್ಣದ ಗೆರೆ ಎಳೆಸಿದ್ದೀರಿ. ಮಾರ್ಚ್ ಮೂವತ್ತೊಂದರೊಳಗೆ ಆ ಗೆರೆಗುಂಟ ಕಂದಕ ತೋಡದಿದ್ದರೆ ಅನುದಾನ ವಾಪಸ್ಸು ಎಂದೂ ಹೇಳಿಕಳಿಸಿದ್ದೀರಿ. ಹಳೇಬೀಡಿನಿಂದ ಹಗರೆಗೆ ಹೋಗುವ ಬಸ್ಸಿನಲ್ಲಿ ಕೂತವರಿಗೆಲ್ಲ ನಮ್ಮ ಗುಡ್ಡ ಕಾಣುತ್ತದೆ, ಗೆರೆಯೂ ಕಾಣುತ್ತದೆ. ಅದರ ಕೆಳಗೆ ಮಲಗಿರುವವರು ನಮಗೆ ಮಾತ್ರ ಕಾಣುತ್ತಾರೆ.

ಇದು ಹೇಗಾಯಿತು ಎಂದು ನೀವು ಕೇಳುವುದಿಲ್ಲ, ಗೊತ್ತು. ಆದರೂ ಹೇಳುತ್ತೇನೆ. ಊರಿನ ಯೋಜನೆಯನ್ನು ಊರಿನವರೇ ಮಾಡಬೇಕು ಎಂಬುದು ನಿಮ್ಮ ನಿಯಮ. ನಾನು ಚಪ್ಪಾಳೆ ತಟ್ಟಿದ ನಿಯಮ. ಹೋದ ವರ್ಷ ನಿಮ್ಮ ಇಂಜಿನಿಯರ್ ಸಾಹೇಬರು ಬಂದು, ನಮ್ಮ ಹೆಂಗಸರ ಕೈಗೆ ರಂಗೋಲಿ ಪುಡಿ ಕೊಟ್ಟು, ಶಾಲೆಯ ಮುಂದೆ ನೆಲದ ಮೇಲೆ ನಕ್ಷೆ ಬರೆಸಿದರು. ಕೆರೆ ಬಂತು, ಹಳ್ಳ ಬಂತು, ಗುಡ್ಡ ಬಂತು, ತೆಂಗಿನ ತೋಟವೂ ಬಂತು. ನಮ್ಮ ಕೇರಿಯವರು ಮಣ್ಣು ಮಾಡುವ ಜಾಗ ಮಾತ್ರ ಬರಲಿಲ್ಲ. ರಂಗೋಲಿಯಲ್ಲಿ ಗೋರಿ ಬಿಡಿಸುವ ಹೆಂಗಸು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಸಾಹೇಬರು ಆ ನಕ್ಷೆಯನ್ನು ಕಾಗದಕ್ಕೆ ಇಳಿಸಿಕೊಂಡು, ಬರಿದಾಗಿದ್ದ ಕಡೆ ‘ಖಾಲಿ ಜಾಗ’ ಎಂದು ಬರೆದರು. ಪಹಣಿಯಲ್ಲೂ ಅದು ಗೋಮಾಳವೇ. ನೀವು ಮೊಹರು ಒತ್ತಿದಿರಿ.

ಜನವರಿಯಲ್ಲಿ ಕಂದಕ ತೋಡುತ್ತ ಬಂದ ಪಕ್ಕದೂರಿನ ಕೂಲಿಯಾಳು ಪುಟ್ಟಸ್ವಾಮಿ, ಆ ಜಾಗದ ಅಂಚಿನಲ್ಲಿ ಗುದ್ದಲಿ ನಿಲ್ಲಿಸಿ ನನ್ನನ್ನು ಕೂಗಿದ. “ಸುತ್ತ ಎಲ್ಲಾ ಗೊರಚು ಕಲ್ಲು, ಇಲ್ ಮಾತ್ರ ಮೆತ್ತಗೈತಲ್ಲಣ್ಣ. ಯಾರೋ ಮುಂಚೇನೇ ಅಗ್ದವ್ರೆ.”

ಜೊತೆಯಲ್ಲಿ ಮಣ್ಣು ಹೊರುತ್ತಿದ್ದ ಗಿಡ್ಡಮ್ಮ ಬುಟ್ಟಿ ಇಳಿಸಿದಳು. “ಅಗ್ದಿದ್ದು ನಮ್ಮೋರೇ ಕಣ್ಲಾ. ಸರ್ಕೊ ಅತ್ಲಾಗೆ. ನನ್ ಮಗ್ಳು ಅವ್ಳೆ ಅಲ್ಲಿ.”

ಜ್ವರ ಬಂದು ತೀರಿಹೋದ ಕೂಸು ಯಶೋಧರಾ. ಮಣ್ಣು ಮಾಡುವಾಗಲೂ ಕೈಯಲ್ಲಿದ್ದ ಹಸಿರು ಬಳೆಗಳನ್ನು ತೆಗೆಯಲು ತಾಯಿ ಬಿಟ್ಟಿರಲಿಲ್ಲ.

ಮಾರನೆಯ ದಿನ ಬಂದ ಸಾಹೇಬರು, “ನಕ್ಷೆ ನೀವೇ ಬಿಡಿಸಿದ್ದಲ್ವೇನ್ರೀ? ಆಗ ಯಾಕೆ ತೋರಿಸ್ಲಿಲ್ಲ?” ಎಂದರು.

“ಸತ್ತೋರ್ನ ರಂಗೋಲೀಲಿ ತೋರುಸ್ತಾರಾ ಸಾಮಿ? ನಿಮ್ಮನೆ ಬಾಗ್ಲಲ್ಲಿ ತೋರುಸ್ತಾರಾ?” ಎಂದಳು ಗಿಡ್ಡಮ್ಮ. ಸಾಹೇಬರು ಜೀಪು ಹತ್ತಿದರು.

ಮಾನ್ಯರೇ, ನಾನು ಬಾಣಾವರದಿಂದ ಬೇಲೂರಿನವರೆಗೆ ನಾಟಕಗಳಲ್ಲಿ ಯಮನಾಗಿ ಗರ್ಜಿಸಿದವನು. ಮೀಸೆ ತಿರುವಿ, ಪಾಶ ಬೀಸಿ, ಮುಂದಿನ ಸಾಲಿನ ಮಕ್ಕಳನ್ನು ಅಳಿಸಿದವನು. ಅಂಥ ಯಮನಿಗೂ ಒಮ್ಮೆ ಕರೆದೊಯ್ದವರ ಬಳಿಗೆ ಎರಡನೆಯ ಸಲ ಹೋಗುವ ಅಧಿಕಾರವಿಲ್ಲ. ನಿಮಗೆ ಯಾರು ಕೊಟ್ಟರು? ಹಳೇಬೀಡಿನಲ್ಲಿ ಕಲ್ಲಿನ ಆನೆಯನ್ನು ಉಗುರಿನಿಂದ ಗೀರಿದರೂ ಕಾವಲುಗಾರ ಸೀಟಿ ಊದುತ್ತಾನೆ. ನಮ್ಮ ಮಗುವಿಗೆ ಸೀಟಿ ಊದುವವರು ಯಾರು? ನಾವು ಕಲ್ಲು ಕೆತ್ತಿಸಲಿಲ್ಲ ಎಂಬುದೇ ಅಪರಾಧವೇ?

ಈಗ ಗಿಡ್ಡಮ್ಮ ಹೊತ್ತು ಮುಳುಗುವ ಮುಂಚೆ ಹೋಗಿ ಗೆರೆಯ ಮೇಲೆ ಕೂರುತ್ತಾಳೆ. ಕರೆತರಲು ಹೋದ ನನ್ನ ಕಿವಿಗೆ ಬಿದ್ದದ್ದು ಇಷ್ಟು: “ಹೆದ್ರುಕೊಬ್ಯಾಡ ಕಣೇ, ನಾನಿಲ್ಲೇ ಇವ್ನಿ.” ಆಮೇಲೆ ಅವಳು ಉತ್ತರಕ್ಕೆ ಕಾಯುವವಳಂತೆ ತಲೆ ಬಾಗಿಸಿದಳು. ಕರೆಯದೆ, ಬಂದ ದಾರಿಯಲ್ಲೇ ಹಿಂತಿರುಗಿದೆ. ಮೈಕಿಲ್ಲದೆ ಮೂರು ಊರಿಗೆ ಕೇಳಿಸುವ ಗಂಟಲು ನನ್ನದು.

ಅನುದಾನ ಬೇಡ ಎನ್ನುತ್ತಿಲ್ಲ. ಕಂದಕಗಳಿಲ್ಲದೆ ನಮ್ಮ ಕೆರೆ ಹೂಳಿನಿಂದ ತುಂಬುತ್ತದೆ, ಅದೂ ಗೊತ್ತು. ಗೆರೆಯನ್ನು ಆ ಜಾಗದಾಚೆ ಇರುವ ಬಂಡೆಯ ಮೇಲ್ಗಡೆಗೆ ಸರಿಸಿ. ಅಲ್ಲಿ ಗೊರಚು ಅಗೆಯಲು ಕಷ್ಟ, ಹೆಚ್ಚಿನ ಕೂಲಿ ಕೇಳದೆ ನಾವೇ ಅಗೆಯುತ್ತೇವೆ. ಮಂಜೂರಾದ ನಕ್ಷೆಯಲ್ಲಿ ‘ಖಾಲಿ ಜಾಗ’ ಎಂಬ ಆ ಎರಡು ಪದ ಹೊಡೆದುಹಾಕಿ, ‘ಸ್ಮಶಾನ’ ಎಂದು ನಿಮ್ಮ ಕೈಯಾರೆ ಬರೆಯಿರಿ. ಬರೆಯುವ ತನಕ ಅಲ್ಲಿ ಗುದ್ದಲಿ ಬೀಳದು. ಗಡುವು ದಾಟಿ, ಮಳೆಗಾಲದಲ್ಲಿ ಕೆರೆಯಲ್ಲಿ ಹೂಳು ತುಂಬಿದರೆ ಊರು ನನ್ನನ್ನೇ ಹಿಡಿದು ಕೇಳುತ್ತದೆ. ಕೇಳಲಿ. ಬದುಕಿರುವವರು ಬಾಯಿಬಿಟ್ಟಾದರೂ ಕೇಳುತ್ತಾರೆ.

ಇಂತಿ,
ಎರಡೂ ಕಡೆಯವರಿಗೆ ಉತ್ತರ ಹೇಳಬೇಕಾಗಿ ಬಂದಿರುವ
ಉಗ್ರಪ್ಪ
ಅಧ್ಯಕ್ಷ, ಊರಿನ ಕೆರೆ ಅಭಿವೃದ್ಧಿ ಸಂಘ
ಫೆಬ್ರವರಿ ೨೦೦೪