ಬೆಂಕಿ ತಾಗದ ಹಲಗೆ

ಕಪ್ಪತಗುಡ್ಡದ ಬುಡ
ಉರಿಗಾಲಕ್ಕೆ ಮುಂಚಿನ ಹುಣ್ಣಿಮೆ, ೨೧೯೪

ನೀವು ಯಾರೋ ನನಗೆ ತಿಳಿಯದು. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದಲ್ಲಿ ಅವುಗಳ ಅಗತ್ಯ ಬಿದ್ದಿರಲಿಲ್ಲ. ಚಳಿ ಮುಗಿದು ಮಳೆ ಬರುವವರೆಗಿನ ತಿಂಗಳುಗಳನ್ನು ನಾವು ಉರಿಗಾಲ ಎನ್ನುತ್ತೇವೆ. ಆಗ ಗುಡ್ಡದ ಹುಲ್ಲು ಯಾವ ದಿನವಾದರೂ ಹೊತ್ತಿಕೊಳ್ಳಬಹುದು. ಅದಕ್ಕೆ ಮೊದಲೇ ಪ್ರತಿ ಮನೆಯವರೂ ಸುತ್ತಲಿನ ಹುಲ್ಲು ಕೆತ್ತಿ ನೆಲವನ್ನು ಬೋಳು ಮಾಡುತ್ತಾರೆ; ಅದು ಬೋಳುಪಟ್ಟಿ. ಮಾಡಿನ ಸಂದಿಗಳಿಗೆ ಸಣ್ಣ ಕಣ್ಣಿನ ತಂತಿಯ ಜಾಲರಿ ಬಡಿಯುತ್ತಾರೆ, ಅದು ಕಿಡಿಬಲೆ. ತೊಟ್ಟಿ ತುಂಬಿಸಿ, ಒಣ ಎಲೆ ಗುಡಿಸಿ, ಕಟ್ಟಿಗೆಯ ರಾಶಿಯನ್ನು ದೂರಕ್ಕೆ ಸಾಗಿಸುತ್ತಾರೆ. ಬಳಿಕ ಊರಿನ ಉರಿಗಾವಲುಗಾರ ಮುರಿಗೆಪ್ಪ ಬಂದು ಎಲ್ಲವನ್ನೂ ನೋಡಿ, ಸರಿಯಿದ್ದರೆ ಬಾಗಿಲಿಗೆ ಸುಣ್ಣದ ಗುರುತು ಹಾಕುತ್ತಾನೆ.

ಕಳೆದ ವರ್ಷ ನನ್ನ ಬಾಗಿಲಿಗೂ ಹಾಕಿದ. ಆದರೆ ಕಿಡಿಬಲೆ ಬಡಿಯುವಾಗ ಗೋಡೆಯ ಹಲಗೆಯೊಂದರ ಮೂಲೆ ಮುರಿದು ನನ್ನ ಕೈಗೆ ಬಂದಿತ್ತು. ನಮ್ಮ ಓಣಿಯ ಮನೆಗಳೆಲ್ಲ ನಿಮ್ಮ ಕಾಲದವು. ಸೆಕೆ ತಡೆಯಲೆಂದು ನೀವು ಇಟ್ಟಿಗೆಯ ಗೋಡೆಗಳಿಗೆ ಹಗುರವಾದ ಬಿಳಿ ಹಲಗೆ ಅಂಟಿಸಿ, ಮೇಲೆ ಗಿಲಾವು ಮಾಡಿದ್ದೀರಿ. ಹಲಗೆಯ ಬೆನ್ನಿನ ಮೇಲೆ ‘ಬೆಂಕಿ ತಾಗದು’ ಎಂಬ ಅಚ್ಚಿದೆ. ಯಾರೂ ನೋಡದ ಜಾಗದಲ್ಲಿ ಆ ಅಚ್ಚು ಅಷ್ಟು ಅಂದವಾಗಿದ್ದುದೇ ನನಗೆ ಸರಿಬರಲಿಲ್ಲ. ತುಂಡನ್ನು ಒಲೆಗೆ ಹಿಡಿದೆ. ಬೆಣ್ಣೆಯಂತೆ ಕರಗಿ, ಉರಿಯುತ್ತಲೇ ತೊಟ್ಟಿಕ್ಕಿತು.

ಮುರಿಗೆಪ್ಪನನ್ನು ಕರೆದು ತೋರಿಸಿದೆ.

“ಇದೊಂದ ತುಂಡು ಕೆಟ್ಟಿರಬೇಕ ರಾಚವ್ವಕ್ಕ,” ಎಂದ. “ಹಿಂದಿನ ಮಂದಿ ಸುಳ್ಳ ಯಾಕ ಬರೀತಾರ?”

“ಖರೇ ಬರದಾರಂತ ನಿನಗ ಯಾರ ಹೇಳ್ಯಾರ?” ಎಂದೆ.

“ಹಲಗಿ ಕಿತ್ತರ ಸೆಕೀಗೆ ಬೆಂದ ಹೋಗ್ತೇವಿ. ನಿನಗ ಎಲ್ಲಾರ ಮ್ಯಾಲೂ ಸಂಶೇನ,” ಎಂದು ನನ್ನ ಗಂಡ ಕಲ್ಲಪ್ಪ ಗೊಣಗಿದ. ಆದರೂ ಹಾರೆ ತಂದುಕೊಟ್ಟ. ಗೋಡೆಗಳೆಲ್ಲ ಇಟ್ಟಿಗೆ ಕಾಣುವಷ್ಟು ಬೆತ್ತಲೆಯಾದವು. ಮನೆ ಕಾವಲಿಯಂತೆ ಕಾಯತೊಡಗಿತು, ಓಣಿಯವರು ನಕ್ಕರು. ಪಕ್ಕದ ಮನೆಯ ಹುಸೇನಬಿ ಮಾತ್ರ ನಗಲಿಲ್ಲ. “ಹಬ್ಬ ಆಗ್ಲಿ, ನಮ್ದೂ ತಗಸ್ತೀನಿ,” ಎಂದಳು. ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆಂದು ಅವಳನ್ನೂ ಅನುಮಾನಿಸಿದೆ.

ಹಬ್ಬಕ್ಕೆ ಮೊದಲೇ ಗುಡ್ಡ ಹೊತ್ತಿತು. ಬೆಂಕಿ ಬೋಳುಪಟ್ಟಿಯ ತನಕ ಬಂದು ನಿಂತಿತು. ಆದರೆ ಗಾಳಿ ನಿಲ್ಲಲಿಲ್ಲ. ತುದಿಯ ಮನೆಯ ಗಿಲಾವಿನ ಬಿರುಕಿಗೆ ಎಲ್ಲಿಂದಲೋ ಒಂದು ಕಿಡಿ ಹೊಕ್ಕಿತು. ಆಮೇಲೆ ಮನೆಗಳು ಗೋಡೆಯೊಳಗಿನಿಂದಲೇ ಉರಿಯುತ್ತ ಬಂದವು. ಓಣಿಯ ಮಂದಿಯೆಲ್ಲ ನನ್ನ ಬರಿ ಇಟ್ಟಿಗೆಯ ಮನೆಯೊಳಗೆ ನುಗ್ಗಿ, ಹಸಿ ಚಾದರ ಹೊದ್ದು ಕೂತರು. ಹುಸೇನಬಿಯ ಗಂಡ ಮೌಲಾಸಾಬ ಎಮ್ಮೆ ಬಿಚ್ಚಲು ಓಡಿದ. ಎಮ್ಮೆ ಬಂತು. ಅವನು ಬರಲಿಲ್ಲ.

ಅವನನ್ನು ಎಳೆದು ತರಲು ಹೋಗಿದ್ದ ಮುರಿಗೆಪ್ಪ ಎರಡೂ ಕೈ ಸುಟ್ಟುಕೊಂಡು ಮರಳಿದ. ನನ್ನ ಬರಿ ಇಟ್ಟಿಗೆಯ ಗೋಡೆಗೆ ಒರಗಿ ಕೂತು ಕೇಳಿದ:

“ಇನ್ನ ನನ್ನ ಮಾತ ಯಾರ ನಂಬ್ತಾರ?”

“ನಂಬಬ್ಯಾಡ್ರಿ, ಸುಟ್ಟ ನೋಡ್ರಿ ಅಂತ ನೀನ ಹೇಳ್ಕೋತ ಹೋಗು,” ಎಂದೆ. ಈ ವರ್ಷ ಹಾಗೆಯೇ ಹೇಳುತ್ತ ಊರೂರು ತಿರುಗುತ್ತಿದ್ದಾನೆ.

ನಿಮ್ಮಲ್ಲಿ ಒಬ್ಬರು ಆ ಹಲಗೆ ಕತ್ತರಿಸಿದಿರಿ, ಒಬ್ಬರು ಅಚ್ಚು ಒತ್ತಿದಿರಿ, ಒಬ್ಬರು ಸರಿಯಿದೆ ಎಂದು ಸಹಿ ಹಾಕಿದಿರಿ. ಯಾರೂ ಅದನ್ನು ಬೆಂಕಿಗೆ ಹಿಡಿಯಲಿಲ್ಲವೋ, ಹಿಡಿದು ನೋಡಿದ ಮೇಲೆಯೇ ಒತ್ತಿದಿರೋ? ನಾನು ಎರಡನೆಯದನ್ನೇ ನಂಬುತ್ತೇನೆ.

ಹುಸೇನಬಿ ಈಗ ನಮ್ಮೊಂದಿಗೇ ಇದ್ದಾಳೆ. ಮೊನ್ನೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, “ಅವ್ರಿಗೆ ಗೊತ್ತಿತ್ತೇನ?” ಎಂದು ಕೇಳಿದಳು. ಉತ್ತರ ಕಳಿಸುವ ದಾರಿ ನಿಮಗೆ ಸಿಕ್ಕರೆ ಅವಳಿಗೆ ಬರೆಯಿರಿ. ನನಗೆ ಬೇಡ. ನೀವು ಏನೇ ಬರೆದರೂ ನಾನು ನಂಬಲಾರೆ.