ಗುಜರಿ ಅಂಗಡಿಯ ತೂಕ

ಮಂಜೂರಾತಿ ವಿಭಾಗದ ಸಾಹೇಬರಿಗೆ ಬಸ್ ಕಂಡಕ್ಟರನ ನಮಸ್ಕಾರ.

ತೂಕ ಇಳಿಸುವ ಆಪರೇಷನ್ನಿನ ಖರ್ಚಿಗೆ ನಾನು ಹಾಕಿದ ಅರ್ಜಿಯನ್ನು ಮತ್ತೆ ವಾಪಸ್ ಕಳಿಸಿದ್ದೀರಿ. ತೂಕದ ಚೀಟಿಯಲ್ಲಿ ‘ಸರಕು: ಹಳೇ ಕಬ್ಬಿಣ’ ಅಂತಿದೆ, ಇದೇನು ತಮಾಷೆಯಾ ಎಂದು ಕೇಳಿದ್ದೀರಿ.

ತಮಾಷೆಯಲ್ಲ ಸಾರ್. ನಾನು ಹತ್ತಿದರೆ ಆಸ್ಪತ್ರೆಯ ಯಂತ್ರ ಕೈಚೆಲ್ಲುತ್ತದೆ. ಡಾಕ್ಟರೇ ಎದುರಿನ ಗುಜರಿ ಅಂಗಡಿಗೆ ಕಳಿಸಿದರು. ಅಲ್ಲಿನ ಯಂತ್ರಕ್ಕೆ ಗೊತ್ತಿರುವುದು ಕಬ್ಬಿಣ, ತಾಮ್ರ, ರದ್ದಿ, ಇಷ್ಟೇ. “ಯಾವುದು ಒತ್ತಲಿ ಅಣ್ಣಾ?” ಅಂದ ಅಂಗಡಿಯವನು. ತಾಮ್ರ ಅಂದರೆ ದುಬಾರಿಯಾದೀತು, ನಿಮಗೆ ಮಂಜೂರು ಮಾಡೋದು ಕಷ್ಟ ಅಂತ ಕಬ್ಬಿಣ ಅಂದೆ.

ಸೀಟುಗಳ ನಡುವೆ ತೂರಲಾಗದೆ ಈಗ ಡಿಪೋದಲ್ಲಿ ಪ್ರಯಾಣಿಕರು ಮರೆತುಹೋದ ಕೊಡೆಗಳನ್ನು ಕಾಯುತ್ತಿದ್ದೇನೆ. ಕೂತರೆ ಏಳೋಣ ಅನಿಸುತ್ತದೆ, ಎದ್ದರೆ ಮಂಡಿ ಕೂರು ಅನ್ನುತ್ತದೆ. ಫೋನ್ ಬಡಿದುಕೊಂಡರೆ ನೀವೇ ಇರಬೇಕು ಅಂತ ಓಡುತ್ತೇನೆ. ನನ್ನ ಓಟ ಹೇಗಿರುತ್ತದೆ ಅಂತ ನಿಮಗೆ ಬೇರೆ ಹೇಳಬೇಕಾ?

ನಿನ್ನೆ ಮತ್ತೆ ತೂಗಿಸಿದೆ. ಹೊಸ ಚೀಟಿಯಲ್ಲಿ ಅಂಗಡಿಯವನು ಕಬ್ಬಿಣವನ್ನು ಹೊಡೆದುಹಾಕಿ ‘ಮನುಷ್ಯ’ ಎಂದು ಬರೆದು ಸಹಿ ಮಾಡಿದ್ದಾನೆ. ಇದನ್ನಾದರೂ ಒಪ್ಪಿಕೊಳ್ಳಿ.

ಇನ್ನೊಂದು ಮಾತು. ನನ್ನ ಪುಟ್ಟ ಮಗಳೂ ಜೊತೆಗೆ ಬಂದಿದ್ದಳು. ಅವಳ ಹಳೇ ಸೈಕಲ್ಲನ್ನು ಹೋದ ವರ್ಷ ಅದೇ ಯಂತ್ರದ ಮೇಲಿಟ್ಟು ತೂಗಿದ್ದರು, ಅದು ಮನೆಗೆ ವಾಪಸ್ ಬರಲಿಲ್ಲ. ಹಾಗಾಗಿ ನಾನು ಹತ್ತಿದ ಕೂಡಲೇ ತಾನೂ ಹತ್ತಿ ನನ್ನ ಕಾಲು ತಬ್ಬಿಕೊಂಡಳು. ಎಷ್ಟು ಬಿಡಿಸಿದರೂ ಬಿಡಲಿಲ್ಲ. ಅವಳ ಹದಿನಾರು ಕೆಜಿ ಕಳೆದು ಓದಿಕೊಳ್ಳಿ. ಉಳಿದದ್ದೆಲ್ಲ ನಾನೇ.

ಇಂತಿ,
ಕೊಡೆ ಕಾಯುವ ಕಂಡಕ್ಟರ್