ಮೇಷ್ಟ್ರನ್ನು ಹೆಸರು ಹಿಡಿದು ಕರೆಯದ ಹುಡುಗಿ

ಡೆನ್ಮಾರ್ಕಿನ ಮಾನ್ಯ ಸಚಿವರೇ, ಒಂದು ಕಾಲಕ್ಕೆ ಮಲೇಷ್ಯಾದ ನಿಲಾಯ್ ಊರಿನ ಶಾಲೆಯಲ್ಲಿ ನನಗೆ ಮೇಷ್ಟ್ರಾಗಿದ್ದವರೇ,

ನಾನು ಮೂಗಿಯಲ್ಲ. ‘ಮಲೇಷ್ಯಾದ ಮೂಗಿ ಹುಡುಗಿಯೊಬ್ಬಳಿಗೆ ಮಾತು ಕಲಿಸಿದೆ’ ಎಂದು ನಿಮ್ಮ ಜೀವನಕಥೆಯ ಪುಸ್ತಕದಲ್ಲಿ ಬರೆದುಕೊಂಡಿದ್ದೀರಿ. ಆ ಹುಡುಗಿ ನಾನು. ನೀವು ಕಲಿಸಿದ ಮಾತು ಯಾವುದೆಂದು ದಯವಿಟ್ಟು ತಿಳಿಸುವಿರಾ? ಈ ಪತ್ರ ಕನ್ನಡದಲ್ಲಿದೆ, ಅದನ್ನು ಕಲಿಸಿದ್ದು ಅಮ್ಮಿ. ಓದಿಸಿ ಕೇಳುವ ಕಷ್ಟ ಈ ಸಲ ನಿಮ್ಮದಾಗಲಿ.

ನಿಮ್ಮ ದೇಶದಲ್ಲಿ ಮಕ್ಕಳು ಮೇಷ್ಟ್ರನ್ನು ಹೆಸರು ಹಿಡಿದೇ ಕರೆಯುತ್ತಾರಂತೆ. ಕರೆಯಲಿ. ಆರನೇ ತರಗತಿಯಲ್ಲಿ ನಮಗೂ ಅದೇ ನಿಯಮ ಮಾಡಿದಿರಿ. ಹೆಸರು ಹೇಳದವರಿಗೆ ಉತ್ತರವಿಲ್ಲ. ನಾವು ಹುಬ್ಬಳ್ಳಿಯವರು, ನಮ್ಮ ಮನೆಯಲ್ಲಿ ಹಿರಿಯರ ಹೆಸರು ಹಿಡಿದರೆ ಬಾಯಿಗೆ ಏಟು ಬೀಳುತ್ತಿತ್ತು. ನಾನು ‘ಸರ್’ ಎಂದೆ. ನೀವು ಕಿಟಕಿಯತ್ತ ತಿರುಗಿ, “ಆ ಹೆಸರಿನವರು ಇಲ್ಲಿ ಯಾರೂ ಇಲ್ಲ” ಎಂದಿರಿ. ತರಗತಿ ನಕ್ಕಿತು. ಮೂತ್ರಕ್ಕೆ ಹೋಗಬೇಕಾಗಿ ಇನ್ನೆರಡು ಸಲ ಕರೆದೆ. ನಿಮಗೆ ಕೇಳಿಸಲಿಲ್ಲ. ನಿಂತಲ್ಲೇ ಬಟ್ಟೆ ಒದ್ದೆಯಾದದ್ದು ಮಾತ್ರ ಎಲ್ಲರಿಗೂ ಕಾಣಿಸಿತು. ಆಮೇಲೆ ಆ ಕೋಣೆಯಲ್ಲಿ ನಾನು ಬಾಯಿ ತೆರೆಯಲಿಲ್ಲ. ವರ್ಷದ ಕೊನೆಗೆ ನೀವು ವರದಿ ಬರೆದಿರಿ: ಮಾತಿನ ದೋಷವಿದೆ, ಮುಂದಿನ ಓದಿಗೆ ತಕ್ಕವಳಲ್ಲ. ಸಮಾನತೆಯನ್ನು ಇಷ್ಟು ಕಟ್ಟುನಿಟ್ಟಾಗಿ ಕಲಿಸುವವರು ಸಚಿವರಾಗದೆ ಇನ್ನಾರಾಗಬೇಕು?

ಕ್ಲಾಂಗ್ ಬಂದರಿನಲ್ಲಿ ಕೆಲಸ ಮಾಡುವ ನಮ್ಮ ಅಬ್ಬಾ ಆ ಹಾಳೆಯನ್ನು ಪಾಸ್‌ಪೋರ್ಟುಗಳ ಜೊತೆ ಜೋಪಾನವಾಗಿ ಇಟ್ಟರು. ನನ್ನ ಶಾಲೆ ಅಲ್ಲಿಗೆ ಮುಗಿಯಿತು. ಈಗ ನನಗೆ ಇಪ್ಪತ್ತೆರಡು. ಮನೆಯಲ್ಲೇ ಓದಿ ಹತ್ತನೆಯ ಪರೀಕ್ಷೆಗೆ ಕೂರುತ್ತೇನೆ ಎಂದರೆ ಅವರು, “ಮಾಸ್ತರು ಸುಳ್ಳು ಬರೀತಾರೇನವಾ? ಸುಮ್ನ ಯಾಕ ತ್ರಾಸ ತಗೋತಿ” ಎನ್ನುತ್ತಾರೆ. ಹಾಗಾದರೆ ಈಗ ಮಾತಾಡುತ್ತಿರುವುದು ಯಾರು ಎಂದು ಕೇಳಿದೆ. ನಿಮ್ಮ ಪುಸ್ತಕ ತಂದು ತೋರಿಸಿದರು. “ಆ ಪುಣ್ಯಾತ್ಮನ ದಯಾ ಅದು” ಎಂದರು. ನನ್ನ ಓದನ್ನು ಕಿತ್ತುಕೊಂಡದ್ದು ಸಾಲದೆ ನನ್ನ ನಾಲಿಗೆಯ ಯಜಮಾನಿಕೆಯೂ ನಿಮಗೇ ಬೇಕಾಯಿತೇ?

ಮುಂದಿನ ತಿಂಗಳು ನೀವು ಇಲ್ಲಿನ ಆಡಳಿತ ರಾಜಧಾನಿ ಪುತ್ರಜಯಾಕ್ಕೆ ಬಂದು ಮಕ್ಕಳ ಘನತೆಯ ಬಗ್ಗೆ ಭಾಷಣ ಮಾಡುತ್ತೀರಂತೆ. ಅದಕ್ಕೆ ಮೊದಲು ಅಬ್ಬಾರಿಗೆ ನಿಮ್ಮ ಕೈಯಾರೆ ಬರೆಯಿರಿ: ವರದಿ ಸುಳ್ಳು, ನಿಮ್ಮ ಮಗಳು ಓದಬಲ್ಲಳು. ಬರೆಯದಿದ್ದರೆ ಸಭೆಗೆ ನಾನೂ ಬರುತ್ತೇನೆ. ಆ ವರದಿಗೆ ಇನ್ನೂರು ಪ್ರತಿ ಮಾಡಿಸಿದ್ದೇನೆ. ನೀವು ಮಾತಾಡುತ್ತಿರುವಾಗಲೇ ಕುರ್ಚಿ ಕುರ್ಚಿಗೂ ಹೋಗಿ ಕೊಡುತ್ತೇನೆ. ‘ಮಾತಿನ ದೋಷವಿರುವ ಆ ಹುಡುಗಿ ನಾನೇ’ ಎಂದು ಒಬ್ಬೊಬ್ಬರಿಗೂ ಬಾಯಿಬಿಟ್ಟು ಹೇಳುತ್ತೇನೆ.

ಇಂತಿ,
ನೀವು ಆರನೇ ತರಗತಿಗೇ ಮುಗಿಸಿದ,
ಸುಫಿಯಾ